ಕುಂಟಬಿಲ್ಲೆಯ ಹನ್ನೆರಡು ಮನೆಗಳು

ನಾನು ಒಂದು ಕಲ್ಲಿನ ಬಿಲ್ಲೆ. ಅಗಲ ಮೂರು ಬೆರಳು, ದಪ್ಪ ಅರ್ಧ ಬೆರಳು, ಬಣ್ಣ ಕೆಂಪು. ಇಳಕಲ್ಲಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಚಪ್ಪಡಿ ಕತ್ತರಿಸುವಾಗ ಮೂಲೆ ಮುರಿದು ಬಿದ್ದೆ. ಅದೇ ನನ್ನ ಹುಟ್ಟು. ಗರಗಸ ನಡೆಸುತ್ತಿದ್ದ ಯಮನಪ್ಪ ನನ್ನನ್ನು ಕಿಸೆಗೆ ಹಾಕಿಕೊಂಡು ಹೋಗಿ, ಮೂರನೇ ತರಗತಿಯಲ್ಲಿದ್ದ ಮಗಳು ಫಕೀರವ್ವನಿಗೆ ಕೊಟ್ಟ.

ಅವಳ ಶಾಲೆಯ ಅಂಗಳದಲ್ಲಿ ಅಂಗಡಿ ಎಂಬ ಅಡ್ಡಹೆಸರಿನ ಟೀಚರ್ ಕುಂಟಬಿಲ್ಲೆಯ ಹನ್ನೆರಡು ಮನೆ ಬರೆಸಿದ್ದರು. ಪ್ರತಿ ಮನೆಯ ಮೇಲಂಚಿನಲ್ಲಿ ಒಂದು ಪದ. ಬಿಲ್ಲೆ ಬಿದ್ದ ಮನೆಯ ತನಕ ಒಂಟಿ ಕಾಲಲ್ಲಿ ಹೋಗಬೇಕು, ಅಲ್ಲಿನ ಪದ ಗಟ್ಟಿಯಾಗಿ ಓದಬೇಕು, ಆಮೇಲೆ ಬಿಲ್ಲೆ ಎತ್ತಬೇಕು. ಪದ ತಪ್ಪಿದರೆ ಅಥವಾ ಇನ್ನೊಂದು ಕಾಲು ನೆಲ ಮುಟ್ಟಿದರೆ ಔಟ್. ಐದು ಪದ ಬರೆಯುವಷ್ಟರಲ್ಲಿ ಬಣ್ಣ ಮುಗಿದಿದ್ದರಿಂದ ಉಳಿದ ಏಳನ್ನು ಟೀಚರ್ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಹೊಸದಾಗಿ ಬರೆಯುತ್ತಿದ್ದರು. ಪುಸ್ತಕ ಕಂಡರೆ ಓಡುವ ಮಕ್ಕಳೂ ಬಿಡುವಿನಲ್ಲಿ ಇಲ್ಲಿ ಸಾಲು ನಿಲ್ಲುತ್ತಿದ್ದರು.

ಫಕೀರವ್ವ ಒಂದು ದಿನವೂ ಸೋಲಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅಪ್ಪ ದೂರದ ಕಲ್ಲಿನ ಕ್ವಾರಿಯಲ್ಲಿದ್ದ ವರ್ಷ ಅವನೊಂದಿಗೆ ಹೋಗಿದ್ದ ಅವಳು ಶಾಲೆಯ ಮುಖ ಕಂಡಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಬಣ್ಣದ ಐದು ಪದ, ಅವೂ ಕೇಳಿ ಕೇಳಿ ಬಾಯಿಪಾಠ. ಆದರೆ ಕೈಗುರಿ ಖಚಿತ. ಎರಡು ತಿಂಗಳಲ್ಲಿ ನಾನು ಆ ಐದು ಮನೆ ಬಿಟ್ಟು ಬೇರೆಲ್ಲೂ ಬಿದ್ದಿರಲಿಲ್ಲ.

ಒಂದು ಶುಕ್ರವಾರ ಟೀಚರ್ ಹೇಳಿದರು: ನಾಳೆ ಎಲ್ಲರೂ ಕುಂಟಬಿಲ್ಲೆ ಆಡಿ ಒಂದೊಂದು ಪದ ಓದಬೇಕು; ಓದಲಾಗದವರು ಸೋಮವಾರದಿಂದ ಎರಡನೇ ತರಗತಿಯ ಚಾಪೆಯಲ್ಲಿ ಕೂರಬೇಕು. ಆ ಚಾಪೆಯಲ್ಲಿ ಕೂರುತ್ತಿದ್ದವಳು ಅವಳ ತಂಗಿ ಹುಲಿಗೆವ್ವ. ಮನೆಯಲ್ಲಿ ಆ ತಂಗಿಗೆ ಫಕೀರವ್ವ ದಿನಾ ಟೀಚರ್ ಆಗುತ್ತಿದ್ದಳು.

ಸಾಲಿನಲ್ಲಿ ಹಿಂದೆ ನಿಂತಿದ್ದ ಗೆಳತಿ ಮಾಬೂಬಿ ಕೆಣಕಿದಳು. "ಓದೂದು ನಿನ್ನ ಬಿಲ್ಲಿ ಬಿಡವಾ, ನೀ ಅಲ್ಲ."

ಟೀಚರ್ ಕೇಳಿಸಿಕೊಂಡರು.

ಶನಿವಾರ ಫಕೀರವ್ವನ ಸರದಿ ಬಂದಾಗ ಅವರು ಒಂದೇ ಮಾತು ಹೇಳಿದರು. "ಇವತ್ತ ಆಕಿ ಬಿಲ್ಲಿ ನೀ ಒಗಿ, ಮಾಬೂಬಿ."

ಬೆವರಿದ ಅಂಗೈಯಿಂದ ನಾನು ಒಣ ಅಂಗೈಗೆ ಹೋದೆ. ಮಾಬೂಬಿಯ ಗುರಿ ಸರಿಯಿರಲಿಲ್ಲ. ಗೆರೆಗೆ ಬಡಿದೆ, ಜಾರಿದೆ, ಎರಡು ಸುತ್ತು ತಿರುಗಿ ಒಂಬತ್ತನೇ ಮನೆಯಲ್ಲಿ ನಿಂತೆ. ಸೀಮೆಸುಣ್ಣದ ಮನೆ.

ಅವಳು ಕುಂಟುತ್ತಾ ಬಂದಳು. ನನ್ನ ಪಕ್ಕದಲ್ಲೇ ಅವಳ ಪಾದ. ಮೊದಲು ಹೆಬ್ಬೆರಳು ನಡುಗಿತು, ಆಮೇಲೆ ಹಿಮ್ಮಡಿ. ಮಕ್ಕಳು ಎಣಿಸತೊಡಗಿದರು. ಹತ್ತು. ಹದಿನೈದು. ಇಪ್ಪತ್ತಕ್ಕೆ ಎಣಿಕೆ ತಾನಾಗಿ ನಿಂತಿತು.

ಗೆರೆಯಾಚೆ ಕುಕ್ಕರುಗಾಲಲ್ಲಿ ಕುಳಿತಿದ್ದ ಹುಲಿಗೆವ್ವ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: ಕಿಟಕಿ. ನನಗೆ ಕೇಳಿಸಿತು. ಫಕೀರವ್ವನಿಗೂ ಕೇಳಿಸಿತು. ಅವಳು ತಂಗಿಯನ್ನು ನೋಡಿದಳು. ಆ ಮೂರಕ್ಷರ ಹೇಳಿದ್ದರೆ ಸಾಕಿತ್ತು.

"ನನಗ ಇದು ಓದಾಕ ಬರಂಗಿಲ್ರಿ ಟೀಚರ್. ಈಗ ಹೇಳಿದ್ರ, ಹುಲಿಗಿ ಓದಿದ್ದು ಆಗತೈತ್ರಿ."

ಟೀಚರ್ ಮೆಲ್ಲಗೆ ಹೇಳಿದರು. "ಗೊತ್ತೈತವಾ. ಕಾಲು ಇಳಸು, ನೋಯತಿರಬೇಕು."

ಸೋಮವಾರ ಅವಳು ತಂಗಿಯ ಪಕ್ಕ ಚಾಪೆಯಲ್ಲಿ ಕುಳಿತಳು. ಮೊದಲ ವಾರ ತಲೆ ಎತ್ತಲಿಲ್ಲ. ಬಿಡುವಾದಾಗ ಮಾತ್ರ ನನ್ನನ್ನು ಹಿಡಿದು ಅಂಗಳಕ್ಕೆ ಬರುತ್ತಿದ್ದಳು. ಅವಳು ಒಗೆಯುತ್ತಿದ್ದಳು, ಗೆರೆಯಾಚೆ ನಿಂತ ಹುಲಿಗೆವ್ವ ತಪ್ಪು ತಿದ್ದುತ್ತಿದ್ದಳು. ದಿನಕ್ಕೆ ಏಳು ಪದ. ದಿನಾ ಔಟ್ ಆಗುತ್ತಿದ್ದಳು. ಔಟ್ ಆಗದ ಮೊದಲ ದಿನ ಬಂದದ್ದು ಜನವರಿಯಲ್ಲಿ; ಅಂದು ಮಾಬೂಬಿ ತಾನೇ ನನ್ನನ್ನು ಎತ್ತಿ ಅವಳ ಕೈಗಿಟ್ಟಳು.

ಐದನೇ ತರಗತಿ ಮುಗಿಸಿ ಹೋಗುವಾಗ ಫಕೀರವ್ವ ನನ್ನನ್ನು ಟೀಚರ್ ಮೇಜಿನ ಮೇಲಿಟ್ಟು ಹೋದಳು. ಈಗ ನನ್ನ ಅಂಚು ಸವೆದಿದೆ, ಒಂದು ಮೂಲೆ ಒಡೆದಿದೆ. ಕಿಟಕಿಯ ಕಟ್ಟೆಯ ಮೇಲೆ, ಓದುವ ಚೀಟಿಗಳು ಗಾಳಿಗೆ ಹಾರದಂತೆ ಒತ್ತಿಕೊಂಡು ಕೂತಿದ್ದೇನೆ. ಓದು ನನಗೆ ಇಂದಿಗೂ ಬರುವುದಿಲ್ಲ. ಇಲ್ಲಿಂದ ಅಂಗಳ ಕಾಣುತ್ತದೆ. ಬಣ್ಣದ ಐದು ಪದ ಇನ್ನೂ ಮಾಸಿಲ್ಲ. ಆ ಶನಿವಾರದ ನಂತರ ಅವಳು ನನ್ನನ್ನು ಆ ಐದು ಮನೆಗಳಿಗೆ ಒಮ್ಮೆಯೂ ಒಗೆಯಲಿಲ್ಲ.