ನೀರಿನ ತಲೆ

ಆ ಜಲಪಾತದ ದಾರಿ ಅಷ್ಟು ಸುಲಭವಾಗಿರದಿದ್ದರೆ ಅರ್ಧ ಪಾಪ ತಪ್ಪುತ್ತಿತ್ತು. ರಸ್ತೆಯಂಚಿಗೆ ಗಾಡಿ ನಿಲ್ಲಿಸಿ, ಮರಗಳ ನೆರಳಲ್ಲಿ ಒಂದೆರಡು ಹಾಡು ಮುಗಿಯುವಷ್ಟು ಹೊತ್ತು ನಡೆದರೆ ಸಾಕು, ಕಾಡು ತೆರೆದುಕೊಂಡು ನೀರು ಎದುರಿಗೇ ಬೀಳುತ್ತಿರುತ್ತದೆ. ಡೊನ್ಯಾ ಎರ್ಮೆಲಿಂಡಾ ಎಂಬ ಮುದುಕಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಮಾಂಸದ ಸಾರಿನ ಪಾತ್ರೆ ಸೊಂಟಕ್ಕಿಟ್ಟುಕೊಂಡು, ಪಕ್ಕದ ಮನೆಗೆ ಹೋಗುವವಳಂತೆ ಹೋಗುತ್ತಿದ್ದಳು. ಇಷ್ಟು ಸಲೀಸಾಗಿ ಸಿಗುವ ನದಿಗೆ ಯಾರು ಹೆದರುತ್ತಾರೆ? ಆ ಮನೆಯಲ್ಲಿ ಹೆದರುತ್ತಿದ್ದವಳು ಸೊಸೆ ಒಡಿಲಿಯಾ ಒಬ್ಬಳೇ.

ಅವಳಿಗೆ ಕಾರಣವಿತ್ತು. ಇದೇ ನದಿಯ ಕೆಳಗಿನ ಹರಿವಿನಲ್ಲಿ ಅವಳಪ್ಪ ಒಂದು ಭಾನುವಾರ ಕುದುರೆಯ ಮೈ ತೊಳೆಯುತ್ತಿದ್ದ. ಸುಡು ಬಿಸಿಲು. ಮಳೆ ಸುರಿದದ್ದು ಎಲ್ಲೋ ಮೇಲೆ, ಕಣ್ಣಿಗೆ ಕಾಣದ ಗುಡ್ಡದಲ್ಲಿ. ನೀರು ಗೋಡೆಯಂತೆ ಬಂದು ಅಪ್ಪನನ್ನೂ ಕುದುರೆಯನ್ನೂ ಒಟ್ಟಿಗೆ ಒಯ್ದಿತು. ಆ ಸೀಮೆಯವರು ಅದನ್ನು ನೀರಿನ ತಲೆ ಎನ್ನುತ್ತಾರೆ. ದಡದಲ್ಲಿ ಕೂತಿದ್ದ ಪುಟ್ಟ ಒಡಿಲಿಯಾ ಎಲ್ಲವನ್ನೂ ನೋಡಿದ್ದಳು. ಮೊದಲು ತೇಲಿ ಬಂದದ್ದು ಎಲೆಗಳು; ಉದುರಿದ ಹಣ್ಣೆಲೆಯಲ್ಲ, ಈಗಷ್ಟೇ ಕಿತ್ತ ಹಸಿರೆಲೆ. ಆಮೇಲೆ ನೀರು ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅಪ್ಪ ಇರಲಿಲ್ಲ.

ಅವಳ ಗಂಡ ಎವೆಲಿಯೊಗೆ ಇದು ನಗೆಯ ಸರಕು. ನದಿಗೆ ಹೋದಾಗಲೆಲ್ಲ ಅವಳು ನೀರಿನ ಬಣ್ಣ ನೋಡುವುದು, ಹಸಿರೆಲೆ ತೇಲಿ ಬಂತಾ ಎಂದು ಹುಡುಕುವುದು, ಕಿವಿಗೊಟ್ಟು ಕೂರುವುದು, 'ತಲೆ ಬರ್ತಿದೆ, ಮೇಲೆ ಬನ್ನಿ' ಎಂದು ಕೂಗುವುದು. ಎಲ್ಲರೂ ಎದ್ದುಬಿದ್ದು ದಡ ಹತ್ತಿದ ಮೇಲೆ ಏನೂ ಬಾರದೆ ಇರುವುದು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಎವೆಲಿಯೊ ಅವಳಿಗೆ 'ಹವಾಮಾನ ಇಲಾಖೆ' ಎಂದು ಹೆಸರಿಟ್ಟ. ಅವನ ತಮ್ಮ ಚೆಪೆ ಆ ಹೆಸರನ್ನು ಹೆಂಡದಂಗಡಿಗೆ ಒಯ್ದ. ಅಲ್ಲಿಂದ ಅದು ಇಗರ್ಜಿಯ ಬಾಗಿಲಿಗೂ ಬಂತು.

ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ನುಂಗಲಾರದ್ದು ಒಂದೇ. ಕಳೆದ ಭಾನುವಾರ ಊಟದ ಹೊತ್ತಿಗೆ ಅವಳ ಏಳು ವರ್ಷದ ಮಗಳು ಮಾರಿಸೆಲ್ ಕುರ್ಚಿ ಹತ್ತಿ ನಿಂತು, ಕಣ್ಣರಳಿಸಿ, ಕೈಯಾಡಿಸಿ, ಅಮ್ಮನ ದನಿಯಲ್ಲೇ 'ತಲೆ ಬಂತು, ತಲೆ ಬಂತು' ಎಂದು ಕೂಗಿ ತೋರಿಸಿದಳು. ಎವೆಲಿಯೊ ನಗುತ್ತ ಮೇಜು ಕುಟ್ಟಿದ. ಮುದುಕಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಹೆತ್ತ ಮಗಳ ಕಣ್ಣಲ್ಲಿ ತಾನು ಕೋಡಂಗಿಯಾದೆನೆಂದು ಒಡಿಲಿಯಾಗೆ ಎದೆ ಉರಿದುಹೋಯಿತು. ಆ ಮಗು ತನ್ನನ್ನು ನೋಡಿ ಇನ್ನೊಮ್ಮೆ ನಗಬಾರದು, ಅದೊಂದೇ ಅವಳಿಗೆ ಬೇಕಾದದ್ದು.

ಈ ಭಾನುವಾರ ಗಾಡಿಯಿಳಿದು ಕಾಡು ಹೊಗುವ ಮುನ್ನ ಎವೆಲಿಯೊ ಎಲ್ಲರನ್ನೂ ನಿಲ್ಲಿಸಿದ.

"ಇವತ್ತು ಇಲಾಖೆಗೆ ರಜೆ. ಆ 'ತಲೆ' ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು. ಆಣೆ ಇಡು, ಆಮೇಲೆ ನಡಿ."

"ಯಾರ ಮೇಲೆ ಇಡ್ಲಿ?"

"ನಿಮ್ಮಪ್ಪನ ಮೇಲೇ ಇಡು. ಶುರು ಮಾಡಿದ್ದೇ ಅವನಲ್ವಾ."

ಚೆಪೆ ಕಿಸಕ್ಕನೆ ನಕ್ಕ. ಸತ್ತವನನ್ನು ಎಳೆದು ತಂದದ್ದು ಮುದುಕಿಗೂ ಹಿಡಿಸಲಿಲ್ಲ. ಆದರೆ ತಾನೇ ಸಾಕ್ಷಿ, ಬೇಗ ಮುಗಿಸಿ, ಪಾತ್ರೆ ಭಾರ ಎಂದಳು. ಮಾರಿಸೆಲ್ ಬಾಯಿ ತೆರೆದು ನೋಡುತ್ತಿದ್ದಳು. ಒಡಿಲಿಯಾ ತೋರುಬೆರಳಿನ ಮೇಲೆ ಹೆಬ್ಬೆರಳು ಅಡ್ಡ ಇಟ್ಟು, ಶಿಲುಬೆ ಮಾಡಿ, ತುಟಿಗೆ ಒತ್ತಿಕೊಂಡು ಅಪ್ಪನ ಹೆಸರು ಹೇಳಿದಳು. ಹಾಗೆ ಮುತ್ತಿಟ್ಟ ಶಿಲುಬೆಯನ್ನು ಮುರಿದವರಿಗೆ ಆ ಸೀಮೆಯಲ್ಲಿ ಹೆಣ್ಣನ್ನೂ ಕೊಡುವುದಿಲ್ಲ, ಹಸುವನ್ನೂ ಮಾರುವುದಿಲ್ಲ.

ಮುದುಕಿ ದಡದ ಎತ್ತರದಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದಳು. ಚೆಪೆ ಅಲ್ಲೇ ಬಾಳೆಕಾಯಿ ಸುಲಿಯುತ್ತ ಕೂತ. ಎವೆಲಿಯೊ ಈಜಿಕೊಂಡು ಹೋಗಿ ಮಡುವಿನ ನಡುವಿನ ಚಪ್ಪಟೆ ಬಂಡೆಯ ಮೇಲೆ ಹೊಟ್ಟೆ ಮೇಲಾಗಿ ಮಲಗಿದ. ಮಾರಿಸೆಲ್ ಮೊಣಕಾಲುದ್ದ ನೀರಿನಲ್ಲಿ ಕಲ್ಲು ಆರಿಸುತ್ತಿದ್ದಳು. ಒಡಿಲಿಯಾ ಕಾಲನ್ನು ನೀರಿಗೆ ಇಳಿಬಿಟ್ಟು, ಹರಿವಿಗೆ ಬೆನ್ನು ಹಾಕಿ ಕೂತಳು. ನೋಡದಿದ್ದರೆ ಹೇಳುವ ಹಂಗೇ ಇಲ್ಲ.

ಆದರೆ ಎಲೆಗಳು ಅವಳನ್ನು ಹುಡುಕಿಕೊಂಡೇ ಬಂದವು. ಕಾಲಿಗೆ ಏನೋ ತಾಗಿತೆಂದು ಬಗ್ಗಿ ನೋಡಿದರೆ ಒಂದು ರೆಂಬೆ, ಅದರ ತುಂಬ ಹಸಿರೆಲೆ. ಮುರಿದ ಕಡೆ ಇನ್ನೂ ಹಾಲು ಸೋರುತ್ತಿತ್ತು. ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ಈ ಸಲ ಭ್ರಮೆಯಲ್ಲ. ಮೂವತ್ತು ವರ್ಷ ಕಾದ ಎಲೆಗಳಿವು. ನಿಧಾನವಾಗಿ ಒಂದೆರಡು ಜಪ ಹೇಳುವಷ್ಟು ಹೊತ್ತು ಉಳಿದಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಒಂದು ರೆಂಬೆಯನ್ನು ಎತ್ತಿಕೊಂಡು ಎದ್ದು, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದಳು. "ಬಾ, ಮೇಲೊಂದು ಕೆಂಪು ಕಪ್ಪೆ ಇದೆ, ತೋರಿಸ್ತೀನಿ."

ಬಂಡೆಯ ಮೇಲಿಂದ ಎವೆಲಿಯೊ ತಲೆಯೆತ್ತಿದ. ಹೆಂಡತಿ ದಡಕ್ಕೆ ಹೊರಟದ್ದು ಕಂಡು ಅವನಿಗೆ ಖುಷಿಯೋ ಖುಷಿ. "ಏನಮ್ಮ, ಇಲಾಖೆ ಗಂಟುಮೂಟೆ ಕಟ್ತಾ? ಏನನ್ನುತ್ತೆ ಹವಾಮಾನ?"

ಅವನು ತಾನೇ ಬಾಗಿಲು ತೆರೆದುಕೊಟ್ಟಿದ್ದ. ಆಣೆ ಇಟ್ಟದ್ದು ಒಂದು ಮಾತಿಗೆ. 'ಎದ್ದು ಬನ್ನಿ' ಎನ್ನಲು ಯಾವ ಆಣೆಯೂ ಅಡ್ಡವಿರಲಿಲ್ಲ. ಎಲೆ ತೋರಿಸಿದ್ದರೂ ಸಾಕಿತ್ತು. ಅವಳಿಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಅದರ ಜೊತೆಗೇ ಕುರ್ಚಿಯ ಮೇಲೆ ನಿಂತು ಕೈಯಾಡಿಸಿದ ಮಗಳು, ಮೇಜು ಕುಟ್ಟಿದ ಆ ದಪ್ಪ ಕೈ ಕಣ್ಣಿಗೆ ಬಂತು.

"ಬಿಸಿಲು ಅನ್ನುತ್ತೆ," ಎಂದಳು. "ಆರಾಮಾಗಿ ಮಲ್ಕೊಳ್ಳಿ."

ಎವೆಲಿಯೊ ಜೋರಾಗಿ ನಕ್ಕು, ಇಲಾಖೆಗೆ ಕೊನೆಗೂ ಬುದ್ಧಿ ಬಂತು ಎಂದು ತಮ್ಮನಿಗೆ ಕೂಗಿ ಹೇಳಿ, ಮತ್ತೆ ಮಲಗಿದ.

ಒಡಿಲಿಯಾ ಮಗಳೊಡನೆ ಮರದ ಬೇರುಗಳನ್ನು ಹಿಡಿದು ಹತ್ತುತ್ತಿದ್ದಾಗ ಜಲಪಾತದ ಸದ್ದು ಬದಲಾಯಿತು. ಬಿಳಿ ನೀರು ಕೆಂಪಾಯಿತು. ಮರದ ದಿಮ್ಮಿಗಳು ಮೇಲಿಂದ ಕೆಳಕ್ಕೆ ಧುಮುಕಿದವು. ಎವೆಲಿಯೊ ಎದ್ದು ನಿಂತ. ಅವನ ಕಣ್ಣು ಹುಡುಕಿದ್ದು ಅವಳನ್ನು. ಕಾಡಿನ ಅಂಚಿನಲ್ಲಿ ಅವಳು ಮಗುವಿನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ನಿಂತಿದ್ದಳು. ಅವನಿಗೆ ಅರ್ಥವಾಯಿತು, ಅರ್ಥವಾಗಲೆಂದೇ ಅವಳು ಮುಖ ತಿರುಗಿಸಲಿಲ್ಲ. ಚೆಪೆ ಕೂಗುತ್ತ ಇಳಿದು ಓಡುವಷ್ಟರಲ್ಲಿ ಬಂಡೆಯೇ ಕಾಣಿಸದಾಯಿತು.

ಹೆಣ ಸಿಕ್ಕಿದ್ದು ಸೇತುವೆಯ ಕೆಳಗೆ.

ಆ ಸೀಮೆಯ ಪದ್ಧತಿಯಂತೆ ಸತ್ತವನ ಮನೆಯಲ್ಲಿ ಒಂಬತ್ತು ದಿನ ಜಪ ನಡೆಯಿತು. ಕೊನೆಯ ಸಂಜೆ ನೆರೆಯವರು ಕಾಫಿ ಕುಡಿಯುತ್ತ, ಬಿಸಿಲಿತ್ತಂತಲ್ಲ, ಪಾಪ, ಯಾರಿಗೂ ಸುಳಿವೇ ಸಿಗಲಿಲ್ಲವಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಮಾರಿಸೆಲ್ ಅಜ್ಜಿಯ ತೊಡೆಯ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದಳು.

"ಪಪ್ಪ ಕೇಳಿದ್ರು," ಎಂದಿತು ಮಗು. "ಅಮ್ಮ ಕೈಯಲ್ಲಿ ಎಲೆ ಹಿಡ್ಕೊಂಡು ಬಿಸಿಲು ಅಂದ್ಳು. ಆಮೇಲೆ ನಾವು ಕಪ್ಪೆ ನೋಡೋಕೆ ಹೋದ್ವಿ."

ಮುದುಕಿ ಸೊಸೆಯ ಕಡೆ ತಿರುಗಿದಳು. ಅತ್ತು ಅತ್ತು ಅವಳ ಕಣ್ಣು ಬತ್ತಿದ್ದವು.

"ಹಸಿರೆಲೆನಾ?"

"ಹಸಿರೆಲೆ."

"ನೋಡಿದ ಮೇಲೂ ಬಾಯಿ ಬಿಡ್ಲಿಲ್ವಾ?"

"ಆಣೆ ಇತ್ತಲ್ಲ, ಅತ್ತೆ. ನೀವೇ ಸಾಕ್ಷಿ."

ಮುದುಕಿ ಸೊಸೆಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಜಪಮಾಲೆಯನ್ನು ಮಡಚಿ ಜೇಬಿಗಿಟ್ಟಳು. ನೆರೆಯವರು ಒಬ್ಬೊಬ್ಬರಾಗಿ ಎದ್ದು, ಒಡಿಲಿಯಾಳ ಕೈ ಕುಲುಕದೆ, ಮುಖ ನೋಡದೆ ಹೊರಟರು. ಕಡೆಗೆ ಮುದುಕಿಯೂ ಎದ್ದು, ಮೊಮ್ಮಗಳಿಗೆ ಚಪ್ಪಲಿ ಹಾಕಿಕೋ ಎಂದಳು.

ಮಾರಿಸೆಲ್ ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿ ಬಂದಳು.

"ಅಮ್ಮ, ಕಪ್ಪೆ ನಿಜವಾಗ್ಲೂ ಇತ್ತಾ?"

ಒಡಿಲಿಯಾ ಮೊಣಕಾಲೂರಿ ಮಗಳ ಸಮಕ್ಕೆ ಕೂತಳು. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಅಡ್ಡ ಇಟ್ಟು, ಮುತ್ತಿಟ್ಟಳು.

"ಇತ್ತು ಕಂದ. ನಮ್ಮಪ್ಪನಾಣೆ."

ಮಗು ಆ ಬೆರಳುಗಳನ್ನೇ ನೋಡಿತು. ಅದರ ಮುಖದಲ್ಲಿ ಎಲ್ಲಿ ಹುಡುಕಿದರೂ ನಗುವಿರಲಿಲ್ಲ. ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಅಮ್ಮನಿಗೆ ಬೆನ್ನು ತೋರಿಸದೆ, ಅಜ್ಜಿಯ ಹಳೆಯ ಶಾಲಿನ ಅಂಚನ್ನು ಹಿಡಿದುಕೊಂಡು ಹೊರಗೆ ಹೋಯಿತು.