ಮೇಲಿನ ಸರೋವರ

ಕನ್ನಡಕದ ಅಂಗಡಿಗೆ ಯಾರೇ ಬರಲಿ, ಗಾಜು ಕೂರಿಸುತ್ತಲೇ ಅಂಗಡಿಯಾತ ಬೆಟ್ಟದ ಮೇಲಿನ ಸರೋವರದ ಮಾತು ತೆಗೆಯುತ್ತಿದ್ದ. "ಕಣ್ಣು ಇರೋದೇ ಅದನ್ನ ನೋಡೋಕೆ" ಎನ್ನುತ್ತಿದ್ದ. ಗಿರಾಕಿಗಳು ತಲೆದೂಗುವರು. ಹಿಂದೆ ಕೂತು ಫ್ರೇಮು ಒರೆಸುವ ಹೆಂಡತಿ ನಕ್ಕು ಇನ್ನೊಂದು ಫ್ರೇಮು ಎತ್ತಿಕೊಳ್ಳುವಳು. ಬೇಸಿಗೆ ಬಂತೆಂದರೆ ಅಂಗಡಿಗೆ ಬೀಗ ಜಡಿದು ಮನೆಮಂದಿಯೆಲ್ಲ ಬೆಟ್ಟ ಹತ್ತುವುದು ಅವರ ವಾಡಿಕೆ.

ಈ ವರ್ಷವೂ ಹೊರಟರು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು, ಜೊತೆಗೆ ಅಂಗಡಿಯಾತನ ಬಾಯಿಬಡುಕ ತಮ್ಮ. ಪೈನ್ ಮರಗಳ ನಡುವಿನ ಏರುದಾರಿಯಲ್ಲಿ ತಮ್ಮನ ಜೋಕು ಮುಂದೆ, ಏದುಸಿರು ಹಿಂದೆ. ಎಲ್ಲರಿಗಿಂತ ಕೊನೆಗೆ ಹೆಂಡತಿ. ಸ್ಟೋವು, ಪಾತ್ರೆ, ಆಲೂಗಡ್ಡೆ ಎಲ್ಲ ಇದ್ದದ್ದು ಆಕೆಯ ಬೆನ್ನಚೀಲದಲ್ಲೇ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಸರೋವರ ಸಿಕ್ಕಿತು. ಟೆಂಟು ಹಾಕುವುದು ಅಲ್ಲಿ. ಅಂಗಡಿಯಾತ ಹೊಗಳುವ ಇನ್ನೊಂದು ಸರೋವರ ಬಂಡೆಗಳ ಏರು ದಾಟಿದ ಮೇಲೆ.

ಮಗಳು ಬೂಟಿನ ದಾರ ಬಿಗಿಯುತ್ತ ಕೇಳಿದಳು. "ಅಮ್ಮಾ, ಮೇಲಿನ ಕೆರೇಲಿ ಈ ಸಲಾನೂ ಮಂಜುಗಡ್ಡೆ ತೇಲ್ತಿರತ್ತಾ?"

"ಗೊತ್ತಿಲ್ಲ ಪುಟ್ಟಿ. ನಾನು ನೋಡಿಲ್ವಲ್ಲ."

"ಹೋದ ವರ್ಷ?"

"ಯಾವ ವರ್ಷಾನೂ ಇಲ್ಲ." ಆಕೆ ಈರುಳ್ಳಿ ಹೆಚ್ಚುತ್ತಲೇ ಇದ್ದಳು. "ನೀವು ಇಳಿದು ಬರೋ ಹೊತ್ತಿಗೆ ಅಡುಗೆ ಆಗ್ಬೇಕಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಗಂಡನಿಗೆ ಹೆಚ್ಚು ಚುಚ್ಚಿತು. ಮದುವೆಯಾದಾಗಿನಿಂದ ಈ ಬೆಟ್ಟಕ್ಕೆ ಬರುತ್ತಿದ್ದಾರೆ. ಮೇಲಿಂದ ಇಳಿದು, ಕೈ ಉಜ್ಜಿಕೊಳ್ಳುತ್ತ ಬಿಸಿ ತಟ್ಟೆಯ ಮುಂದೆ ಕೂತದ್ದೆಲ್ಲ ನೆನಪಿದೆ. ಮೇಲೆ ನಿಂತಾಗ ಪಕ್ಕದಲ್ಲಿ ಆಕೆ ಇಲ್ಲ ಎಂಬುದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

"ಇವತ್ತು ನೀನು ಹೋಗು. ಅಡುಗೆ ನಾನು ನೋಡ್ಕೋತೀನಿ" ಎಂದ.

ತಮ್ಮ ಗಹಗಹಿಸಿ ನಕ್ಕ. "ಅಣ್ಣಾ, ನೀನು ಕಾಯಿಸಿದ್ರೆ ನೀರೂ ಸೀದು ಹೋಗತ್ತೆ. ಅತ್ತಿಗೆಗೆ ಅಡುಗೆ ಮಾಡೋದ್ರಲ್ಲೇ ಖುಷಿ, ಬಿಡು."

"ಅವಳನ್ನ ಯಾವತ್ತಾದ್ರೂ ಕೇಳಿದೀವಾ?"

ಹೆಂಡತಿಯೇ ಅಡ್ಡ ಬಂದಳು. "ನನಗ್ಯಾಕ್ರೀ ಕೆರೆ? ದಿನಾ ಸಿಂಕಲ್ಲಿ ನೀರು ನೋಡ್ತೀನಲ್ಲ, ಸಾಲದಾ? ಸುಮ್ನೆ ಎಲ್ಲರೂ ಹಸ್ಕೊಂಡಿರ್ಬೇಕಾಗತ್ತೆ."

"ಹಸಿದ್ರೆ ಬ್ರೆಡ್ಡು ತಿಂತೀವಿ. ಹೋಗೋಕೆ ಮನಸ್ಸಿದೆಯೋ ಇಲ್ವೋ, ಅಷ್ಟು ಹೇಳು."

ಆಕೆ ಚಾಕು ಕೆಳಗಿಟ್ಟಳು. ಬಂಡೆಗಳತ್ತ ಒಂದು ಗಳಿಗೆ ನೋಡಿದಳು.

"ಇದೆ" ಎಂದಳು, ಮೆಲ್ಲಗೆ.

ಮಗಳು ಅಮ್ಮನ ಕೈ ಹಿಡಿದು ಹೊರಟೇಬಿಟ್ಟಳು. ಮೈದುನನೂ ಹಿಂಬಾಲಿಸಿದ. ಇತ್ತ ಆ ಗಾಳಿಯಲ್ಲಿ ಸ್ಟೋವು ಹೊತ್ತಿಸುವಷ್ಟರಲ್ಲಿ ಅಂಗಡಿಯಾತನಿಗೆ ಸಾಕುಸಾಕಾಯಿತು. ಉಪ್ಪು ಹುಡುಕಲು ಚೀಲವನ್ನೆಲ್ಲ ಬೋರಲು ಹಾಕಿದ. ಅಷ್ಟರಲ್ಲಿ ಆಲೂಗಡ್ಡೆ ತಳ ಹಿಡಿಯಿತು. ಎದುರಿಗೇ ಇದ್ದ ಸರೋವರವನ್ನು ತಲೆಯೆತ್ತಿ ನೋಡುವ ಪುರುಸೊತ್ತೂ ಸಿಗಲಿಲ್ಲ.

ಬಿಸಿಲು ಇಳಿಯುವಾಗ ಮೊದಲು ನಗು ಕೇಳಿಸಿತು, ಆಮೇಲೆ ಮೂವರು ಕಂಡರು. ಹೆಂಡತಿಯ ಬಟ್ಟೆ ಮೊಣಕಾಲಿನವರೆಗೆ ಒದ್ದೆ.

"ಅತ್ತಿಗೆ ನೀರಿಗೇ ಇಳಿದುಬಿಟ್ರು ಅಣ್ಣಾ. ವಾಪಸ್ ಕರ್ಕೊಂಡು ಬರೋಷ್ಟರಲ್ಲಿ ಹರಸಾಹಸ ಆಯ್ತು" ಎಂದ ತಮ್ಮ, ಸೀದ ಆಲೂಗಡ್ಡೆಯ ಒಂದು ತುತ್ತು ನುಂಗಿ ಮುಖ ಹಿಂಡಿದ. "ಮುಂದಿನ ವರ್ಷ ಸ್ಟೋವು ನನಗಿರ್ಲಿ. ಎಲ್ಲರ ಹೊಟ್ಟೆ ಕ್ಷೇಮಕ್ಕೆ."

ಉಂಡ ಮೇಲೆ ಅಂಗಡಿಯಾತ ಪಾತ್ರೆ ಎತ್ತಿಕೊಂಡು ತೊರೆಯ ಕಡೆ ನಡೆದ. ಹಿಂದೆಯೇ ಬಂದ ಹೆಂಡತಿ ಅಭ್ಯಾಸಬಲದಿಂದ ಕೈ ಚಾಚಿದಳು. ಆತ ಪಾತ್ರೆಯನ್ನು ಆಚೆ ಸರಿಸಿ ಪಕ್ಕದ ಕಲ್ಲು ತೋರಿಸಿದ.

"ಕೂತ್ಕೊ. ಮೊದಲು ಏನು ಕಾಣಿಸ್ತು, ಅಲ್ಲಿಂದ ಹೇಳು."

ಆಕೆ ಕೂತಳು, ಕಾಲು ನೀಡಿದಳು, ಹೇಳತೊಡಗಿದಳು. ಆತ ಉಜ್ಜುತ್ತಲೇ ಇದ್ದ. ಪಾತ್ರೆಯ ಕರಿ ಬಿಡುವಂತಿರಲಿಲ್ಲ, ಆಕೆಯ ಮಾತು ಮುಗಿಯುವಂತಿರಲಿಲ್ಲ.