ಬರಿಗುಡಿಯ ಪಂಚನಾಮೆ

ಅಫಜಲಪುರದಿಂದ ಭೀಮಾನದಿಯ ದಂಡೆ ಹಿಡಿದು ಜೇವರ್ಗಿಯ ಕಡೆಗೆ ಹೋಗುವ ಗಾಡಿದಾರಿಯಲ್ಲಿ ಕರಕಿಹಾಳ ಎಂಬ ಊರು. ಊರಿನ ಕರಿಮಣ್ಣಿನ ಹೊಲಗಳು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಬರಿಗುಡಿ ಇತ್ತು. ಒಳಗೆ ದೇವರಿಲ್ಲದ್ದರಿಂದ ಅದಕ್ಕೆ ಆ ಹೆಸರು. ಕಪ್ಪು ಕಲ್ಲಿನ ಕಂಬಗಳು, ಮೇಲೆ ಹಾಸುಗಲ್ಲಿನ ಚಾವಣಿ, ಎದುರಿಗೆ ಮೆಟ್ಟಿಲಿಳಿದು ಹೋಗುವ ಬಾವಿ, ಸುತ್ತ ಹುಲ್ಲುಗಾವಲು. ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕಲ್ಯಾಣದಿಂದ ಬಂದ ಶರಣನೊಬ್ಬ ಅಲ್ಲಿ ತಂಗಿದ್ದನೆಂದು ಲಿಂಗವಂತರು ಹೇಳುತ್ತಿದ್ದರು. ಆಳಂದಕ್ಕೆ ಹೊರಟ ಫಕೀರನೊಬ್ಬ ಅಲ್ಲಿ ನಮಾಜು ಮಾಡಿದ್ದನೆಂದು ಮುಸಲ್ಮಾನರು ಹೇಳುತ್ತಿದ್ದರು. ಎರಡೂ ಖರೆ ಇರಬಹುದೆಂದು ಎರಡೂ ಕಡೆಯವರು ಒಪ್ಪಿಕೊಂಡು ಸುಮ್ಮನಿದ್ದರು.

ಆ ನೆಲಕ್ಕೆ ಇದ್ದದ್ದು ಒಂದೇ ಕಟ್ಟಳೆ. ಅಲ್ಲಿ ನಿಂತು ಯಾರೂ ಏನನ್ನೂ ತನ್ನದು ಅನ್ನಬಾರದು. ಅಂದವನ ಮನೆ ಹಾಳಾಗುತ್ತದೆ. ಎತ್ತು ತಪ್ಪಿಸಿಕೊಂಡು ಅಲ್ಲಿಗೆ ಹೋದರೆ ಹುಡುಕಿ ಬಂದವನು ನನ್ನ ಎತ್ತು ಎಂದು ಕೇಳುತ್ತಿರಲಿಲ್ಲ, ಒಂದು ಬಿಳಿ ಎತ್ತು ಈ ಕಡೆ ಬಂತೇ ಎಂದು ಕೇಳುತ್ತಿದ್ದ. ಹುಲ್ಲು ಕೊಯ್ದವರು ಹೊರೆ ಹೊತ್ತು ಗಾಡಿದಾರಿಗೆ ಬಂದ ಮೇಲೆಯೇ ಇದು ನನ್ನ ಹೊರೆ, ಅದು ನಿನ್ನದು ಎಂದು ಜಗಳಾಡುತ್ತಿದ್ದರು. ಹೊಸದಾಗಿ ಬಂದ ಸೊಸೆಯೊಬ್ಬಳು ಅಲ್ಲಿ ಗಂಡನನ್ನು ತೋರಿಸಿ ಇವರು ನಮ್ಮ ಮನೆಯವರು ಎಂದಾಗ ಅತ್ತೆ ಅವಳ ಬಾಯಿಗೆ ಕೈ ಅಡ್ಡ ಹಿಡಿದು, "ಇಲ್ಲಿ ಅವ ಯಾರವನೂ ಅಲ್ಲ ಬೇ. ಮನಿಗಿ ಹೋದ ಮ್ಯಾಲ ತೊಗೊ" ಅಂದಳಂತೆ. ಆ ಮಾತು ಹೇಳಿ ಊರು ಬಹಳ ವರ್ಷ ನಕ್ಕಿತು.

ಯಾರದೂ ಅಲ್ಲದ ಬಾವಿಗೆ ಬೇಡ ಅನ್ನುವವರೂ ಇರಲಿಲ್ಲ. ಊರೊಳಗಿನ ಬಾವಿಗಳನ್ನು ಮುಟ್ಟಗೊಡದ ಕೇರಿಯವರು ಬರಿಗುಡಿಯ ಮೆಟ್ಟಿಲಿಳಿದು ತಮ್ಮ ಕೈಯಾರೆ ಕೊಡ ಅದ್ದಿ ನೀರು ತರುತ್ತಿದ್ದರು. ಕೇರಿಯ ಪೀರಪ್ಪನ ಹೆಂಡತಿ ಮಾಳಮ್ಮ ಮುಂಜಾನೆ ಕಸ ಹೊಡೆದು ಹೋದ ಮೇಲೆ ಗೌಡರ ಮನೆಯ ಮುದುಕರು ಅದೇ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅಲ್ಲಿ ಅದನ್ನು ಯಾರೂ ಮೈಲಿಗೆ ಎಂದು ಎತ್ತಿ ಆಡಿದ್ದಿಲ್ಲ.

ದೊಡ್ಡ ಲಡಾಯಿಯ ಕಾಲ, ಎರಡನೆಯ ಮಹಾಯುದ್ಧ ಬಂತು. ಸೀಮೆಎಣ್ಣೆಗೆ ಚೀಟಿ ಬಂತು, ಶೇಂಗಾಕ್ಕೆ ಎಂದೂ ಇಲ್ಲದ ಧಾರಣೆ ಬಂತು. ಆಳಂದದ ಸಾವಕಾರನೊಬ್ಬ ಎಣ್ಣೆಗಿರಣಿ ಹಾಕಲು ಜಾಗ ಹುಡುಕುತ್ತ ಬರಿಗುಡಿಯ ಮೇಲೆ ಕಣ್ಣಿಟ್ಟ. ಬಾವಿ ಇದೆ, ದಾರಿ ಇದೆ, ತಳಪಾಯಕ್ಕೆ ಕಡೆದ ಕಲ್ಲೂ ಅಲ್ಲೇ ಇದೆ. ಈ ಜಾಗ ಲಾವಾರಿಸ್, ಹೇಳಿಕೇಳುವವರಿಲ್ಲದ್ದು, ತನಗೆ ಮಂಜೂರು ಮಾಡಬೇಕು ಎಂದು ತಹಸೀಲಿಗೆ ಅರ್ಜಿ ಹಾಕಿದ.

ಸುದ್ದಿ ಮೊದಲು ಗೊತ್ತಾದದ್ದು ಶಾಂತಲಿಂಗಪ್ಪನಿಗೆ. ಊರ ಅಗಸಿಯ ಒಳಗೆ ಅವನದೊಂದು ಸಣ್ಣ ಕಿರಾಣಿ ಅಂಗಡಿ. ಒಮ್ಮೆ ತೂಗಿದ ಬೆಲ್ಲವನ್ನು ಗಿರಾಕಿಯ ಮುಖ ನೋಡಿ ಇನ್ನೊಮ್ಮೆ ತೂಗುವ ಮನುಷ್ಯ. ಮಲಗಿದ ಮೇಲೆ ಎದ್ದು ಬಂದು ಅಂಗಡಿಯ ಚಿಲಕ ಹಾಕಿದೆನೋ ಇಲ್ಲವೋ ಎಂದು ನೋಡುವವನು. ಸೀಮೆಎಣ್ಣೆಯ ಚೀಟಿಗೆಂದು ತಹಸೀಲ ಕಚೇರಿಗೆ ಹೋದವನ ಕಿವಿಗೆ ಕಾರಕೂನನ ಬಾಯಿಂದ ಈ ಮಾತು ಬಿತ್ತು. ಎಣ್ಣೆಯ ಡಬ್ಬಿಯನ್ನು ಅಲ್ಲೇ ಬಿಟ್ಟು ಅವನು ಒಬ್ಬ ವಕೀಲನ ಮನೆಗೆ ಓಡಿದ.

ವಕೀಲ ಎಲ್ಲ ಕೇಳಿ ಒಂದೇ ದಾರಿ ಹೇಳಿದ. ಕಂದಾಯದ ಅಧಿಕಾರಿ ಗಿರ್ದಾವರ ಬಂದು, ಊರ ಪಂಚರ ಹೇಳಿಕೆ ಬರೆದುಕೊಂಡು ಪಂಚನಾಮೆ ಮಾಡುತ್ತಾನೆ. ಈ ಕಟ್ಟಡ, ಈ ನೆಲ ಊರಿನದು, ನಮ್ಮೆಲ್ಲರದು ಎಂದು ಪಂಚರು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಊರಿನ ಗಾಯರಾಣ, ಎಲ್ಲರ ದನ ಮೇಯುವ ನೆಲ, ಎಂದು ದಾಖಲಾಗಿ ಉಳಿಯುತ್ತದೆ. ಹೇಳದಿದ್ದರೆ ಸಾವಕಾರನ ಅರ್ಜಿ ಗೆಲ್ಲುತ್ತದೆ.

ಶಾಂತಲಿಂಗಪ್ಪ ಊರಿಗೆ ಬಂದು ಮನೆ ಮನೆಗೆ ತಿರುಗಿದ. ತನ್ನ ಮಾತು ಯಾರು ಕೇಳುತ್ತಾರೆ ಎಂಬ ಅಂಜಿಕೆ ಅವನಿಗಿತ್ತು. ಆದರೆ ಊರು ಊರೇ ಎದ್ದು ಬಂತು. ಬಾವಿಯ ಕುಸಿದ ಮೆಟ್ಟಿಲುಗಳನ್ನು ಗೌಂಡಿ ದಾವಲಸಾಬ ಗಚ್ಚು ಹಾಕಿ ಮತ್ತೆ ಕೂರಿಸಿದ. ಕೇರಿಯ ಗಂಡಸರು ಬಾವಿಯ ಹೂಳೆತ್ತಿದರು. ಊರ ಕಂದಾಯ ನೋಡುವ ಮಾಲಿಪಾಟೀಲ ಜಗದೇವಪ್ಪ ಎರಡು ಗಾಡಿ ಸುಣ್ಣದಕಲ್ಲು ಕಳಿಸಿದ. ಶಾಂತಲಿಂಗಪ್ಪನ ಹೆಂಡತಿ ಸುಮಿತ್ರಾಬಾಯಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ, ಪುಂಡಿಪಲ್ಯ ಹೊತ್ತು ತಂದಳು. ಇಷ್ಟು ಜನ ಒಂದೇ ಕೆಲಸಕ್ಕೆ ಕೂಡಿದ್ದನ್ನು ಶಾಂತಲಿಂಗಪ್ಪ ಎಂದೂ ಕಂಡಿರಲಿಲ್ಲ. ಸಂತೋಷಪಡಬೇಕಾದ ಹೊತ್ತಿನಲ್ಲಿ ಅವನು ರಾತ್ರಿ ಎದ್ದು ಅಂಗಡಿಯ ಚಿಲಕವನ್ನು ಎರಡೆರಡು ಸಲ ನೋಡಿ ಬರುತ್ತಿದ್ದ.

ಸಂಜೆಗಳಲ್ಲಿ ಅಂಗಡಿಯ ಮುಂದೆ ತಾಲೀಮು ನಡೆಯಿತು. ದಾವಲಸಾಬ ತಲೆಗೆ ರುಮಾಲು ಸುತ್ತಿ ಗಿರ್ದಾವರನಾಗಿ ಕುಳಿತು, ಗಂಟಲು ದೊಡ್ಡದು ಮಾಡಿ, ಜಗಾ ಯಾರದು ಎಂದು ಕೇಳುತ್ತಿದ್ದ. ನಮ್ಮದು, ನಮ್ಮೂರಿಂದು ಎಂದು ಎಲ್ಲರೂ ಕೂಗುತ್ತಿದ್ದರು. ಜಗದೇವಪ್ಪನಂಥ ಹಿರಿಯನೂ ಮೀಸೆಯಲ್ಲಿ ನಕ್ಕು, ನಮ್ಮದು ಅಂದಿದ್ದ. ಅಂಗಡಿಯ ಕಟ್ಟೆಯ ಕೆಳಗೆ, ದಾರಿಯ ಆಚೆ ಬದಿಗೆ, ಪೀರಪ್ಪ ನಿಂತು ಕೇಳುತ್ತಿದ್ದ. ಊರ ಗಡಿಕಲ್ಲುಗಳನ್ನು ಬಲ್ಲವರು ಕೇರಿಯವರೆಂಬ ಹಳೆಯ ರಿವಾಜಿನಿಂದ ಜಗದೇವಪ್ಪ, ದಾವಲಸಾಬ, ಶಾಂತಲಿಂಗಪ್ಪನ ಸಂಗಡ ಅವನೂ ಪಂಚರಲ್ಲಿ ಒಬ್ಬನಾಗಿದ್ದ.

ಶಾಂತಲಿಂಗಪ್ಪನನ್ನು ಕಾಡುತ್ತಿದ್ದದ್ದು ಇಷ್ಟೇ. ಅಂಗಡಿಯಲ್ಲಿ ಅನ್ನುವ ಮಾತು ಬೇರೆ. ಪಂಚನಾಮೆ ನಡೆಯುವುದು ಎಲ್ಲಿ? ನೆಲದ ಪಂಚನಾಮೆ ನೆಲದ ಮೇಲೇ ಆಗಬೇಕೆಂದು ಎಲ್ಲೋ ಕೇಳಿದ ನೆನಪು. ವಕೀಲನನ್ನು ಕೇಳಬೇಕಿತ್ತು, ಕೇಳಿರಲಿಲ್ಲ. ಊರವರಿಗೆ ಹೇಳಬೇಕಿತ್ತು. ಆದರೆ ಹೇಳಿದರೆ ಈ ಹುರುಪು ಎಲ್ಲಿ ಇಳಿದುಹೋಗುತ್ತದೋ ಎಂದು ದಿನಾ ನಾಳೆಗೆ ಹಾಕಿದ. ಕೊನೆಗೆ ಚಾವಡಿಯನ್ನು ಸಾರಿಸಿ, ಜಮಖಾನೆ ಹಾಸಿ, ಚಹಾದ ಏರ್ಪಾಡು ಮಾಡಿ, ಗಿರ್ದಾವರನನ್ನು ಅಲ್ಲೇ ಹಿಡಿದು ಕೂರಿಸಿದರಾಯಿತು ಎಂದುಕೊಂಡ.

ಗಿರ್ದಾವರ ಗೌಸಮೊಹಿದ್ದೀನ ಕುದುರೆಯ ಮೇಲೆ ಬಂದ. ದಣಿದ ಮುಖದ, ಮೆತ್ತಗೆ ಮಾತಾಡುವ ಮನುಷ್ಯ. ಹಿಂದೆಯೇ ಸಾವಕಾರನ ಗುಮಾಸ್ತ ಬಂದ. ಗಿರ್ದಾವರ ಚಾವಡಿಯಲ್ಲಿ ಚಹಾ ಕುಡಿದು ಎದ್ದು ನಿಂತ. ಬಿಸಿಲು ಬಹಳ ಇದೆ, ಇಲ್ಲೇ ಕೇಳಬಹುದಲ್ಲ ಎಂದು ಶಾಂತಲಿಂಗಪ್ಪ ಕೈಮುಗಿದ.

"ಇಲ್ಲಿ ಕೇಳಿದ್ರೆ ಚಾವಡಿ ಪಂಚನಾಮೆ ಆಗ್ತದ್ರಿ" ಎಂದು ಗಿರ್ದಾವರ ನಕ್ಕು ಚಪ್ಪಲಿ ಮೆಟ್ಟಿದ.

ಬರಿಗುಡಿಯ ಹುಲ್ಲಿಗೆ ಕಾಲಿಡುತ್ತಲೇ ಜನ ಮಾತು ನಿಲ್ಲಿಸಿದರು. ದಾರಿಯುದ್ದಕ್ಕೂ ಗದ್ದಲ ಮಾಡುತ್ತ ಬಂದವರೇ ಅವರು. ಗಿರ್ದಾವರ ಬಾವಿಯ ಹೊಸ ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿ, ಯಾರು ಕಟ್ಟಿದ್ದು ಎಂದು ಕೇಳಿದ. ದಾವಲಸಾಬ ತನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹಿಂದಿನಿಂದ ಯಾರೋ, ಈಗೀಗ ಆಗ್ಯದರಿ ಎಂದರು.

"ತಾನಾಗೇ ಆಯ್ತಾ?" ಎಂದ ಗಿರ್ದಾವರ. ಗುಮಾಸ್ತನೊಬ್ಬನೇ ನಕ್ಕ.

ಕಂಬದ ನೆರಳಿನಲ್ಲಿ ಕಾಗದ ಬಿಚ್ಚಿ ಅವನು ಮೊದಲು ಜಗದೇವಪ್ಪನನ್ನು ಕೇಳಿದ. ಮುದುಕ ಚಾವಣಿ ನೋಡಿ, ಒಂದು ಕೈಯನ್ನು ಮೇಲಕ್ಕೆ ತೋರಿಸಿ, "ಅವನದ್ರಿ" ಎಂದ.

"ಅವನ ಸಹಿ ತರಿಸ್ತೀರಾ, ಪಾಟೀಲ್ರೆ?" ಅದನ್ನು ಗಿರ್ದಾವರ ಚುಚ್ಚಲು ಕೇಳಲಿಲ್ಲ, ಬೇಡಿಕೊಂಡ ಹಾಗಿತ್ತು. ದಾವಲಸಾಬನ ಕಡೆ ತಿರುಗಿದ.

"ಹಿರಿಯಾರು ಇಲ್ಲಿ ಬಿದ್ದ ಕಲ್ಲು ಕಟ್ಟ್ಯಾರ್ರಿ. ಯಾರೂ ಕೂಲಿ ತೊಗೊಂಡಿಲ್ಲ."

"ಅಂದ್ರೆ ನಿಮ್ಮದು. ಹಾಗೇ ಬರೀಲಾ?"

"ಕೂಲಿ ತೊಗೊಂಡಿಲ್ರಿ" ಎಂದ ದಾವಲಸಾಬ ಮತ್ತೆ.

ಪೀರಪ್ಪ ನೆಲ ನೋಡುತ್ತ, ಗಡಿ ಬೇಕಾದರೆ ತೋರಿಸುತ್ತೇನೆ, ಯಾರದೆಂದು ಹೇಳಲು ತಾನು ಯಾರು ಎಂದ. ಗಿರ್ದಾವರ ಲೇಖನಿ ಕೆಳಗಿಟ್ಟ. ಈ ಗುಡಿ ಕೆಡವಿಸುವ ಆಸೆ ತನಗೂ ಇಲ್ಲ, ಊರಿನದು ಎಂದು ಬರೆಯಲು ಊರು ಹೇಳಬೇಕು, ತಾನು ಹೇಳಿಕೊಟ್ಟು ಬರೆದರೆ ಎದುರಿಗೆ ಕುಳಿತ ಗುಮಾಸ್ತ ಸುಮ್ಮನಿರುವುದಿಲ್ಲ ಎಂದು ಬಿಡಿಸಿ ಹೇಳಿದ. ಇನ್ನೊಮ್ಮೆ ಎಲ್ಲರನ್ನೂ ಕೇಳಿದ. ಗುಡಿಗಾಗಿ ಎರಡು ಗಾಡಿ ಸುಣ್ಣದಕಲ್ಲು ಕೊಟ್ಟ, ಬೆನ್ನು ಮುರಿಯುವಷ್ಟು ದುಡಿದ ಜನ, ಗುಡಿ ಉಳಿಯಲೆಂದೇ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವರ ಮುಖ ನೋಡಿದರೆ ಅವರು ಹೆದರಿದವರಂತೆ ಇರಲಿಲ್ಲ. ದೊಡ್ಡ ಪರೀಕ್ಷೆಯೊಂದರಲ್ಲಿ ಗಟ್ಟಿಯಾಗಿ ನಿಂತವರಂತೆ ಇದ್ದರು.

ಶಾಂತಲಿಂಗಪ್ಪನ ಸರದಿ ಬಂತು. ಹೆಂಗಸರ ಗುಂಪಿನಲ್ಲಿ ಸುಮಿತ್ರಾಬಾಯಿ ಇದ್ದಳು. ಅವಳು ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು, ಬೇಡ ಎಂದು. ಮನೆ ಹಾಳಾದರೆ ತನ್ನೊಬ್ಬನ ಮನೆ ಹಾಳಾಗುತ್ತದೆ, ಊರು ಉಳಿಯುತ್ತದೆ ಎಂದುಕೊಂಡ. ಹೀಗೆ ಅಂದುಕೊಳ್ಳುವುದೂ ಒಂದು ಸೊಕ್ಕೇ ಏನೋ ಎಂದು ಅದೇ ಗಳಿಗೆಯಲ್ಲಿ ಅನಿಸಿತು.

"ಇದು ನಮ್ಮದ್ರಿ" ಎಂದ.

ಯಾರೂ ಕೂಗಲಿಲ್ಲ, ಬೈಯಲಿಲ್ಲ. ಅವನ ಎರಡೂ ಬದಿಗೆ ನಿಂತವರು ಒಂದೊಂದು ಹೆಜ್ಜೆ ಸರಿದರು. ಜಗದೇವಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ನಮ್ಮದು ಅಂದ್ರೆ ಯಾರ್ದು? ಇವರ್ಯಾರೂ ಅಂತಿಲ್ಲ. ನಿಮ್ಮ ಒಬ್ಬರದಾ?" ಗಿರ್ದಾವರ ಜನರ ಕಡೆ ತಿರುಗಿದ. "ಬಾಯಿ ಬಿಡೋದು ಬ್ಯಾಡ, ಇವರು ಅಂದದ್ದಕ್ಕೆ ಹೂಂ ಅನ್ರಿ, ಸಾಕು."

ಹೂಂ ಎಂಬ ಸದ್ದು ಯಾವ ಕಡೆಯಿಂದಲೂ ಬರಲಿಲ್ಲ. ಗಿರ್ದಾವರ ಕಾದ. ಆಮೇಲೆ ಬರೆದ. ಬರೆದದ್ದನ್ನು ಕಚೇರಿಯ ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ತಿಳಿಸಿದ. ಊರಿನವರು ಈ ಜಾಗದ ಮೇಲೆ ಹಕ್ಕು ಹೇಳಲಿಲ್ಲ. ಕಿರಾಣಿ ಅಂಗಡಿಯ ಶಾಂತಲಿಂಗಪ್ಪ ಎಂಬವನೊಬ್ಬನೇ ಹಕ್ಕು ಹೇಳಿದ. ಅವನು ಅಲ್ಲಿ ಉತ್ತದ್ದಿಲ್ಲ, ಕಂದಾಯ ಕಟ್ಟಿದ್ದಿಲ್ಲ. ಪಂಚರೆಲ್ಲ ಸಮಾಧಾನದಿಂದ ಹೆಬ್ಬೆಟ್ಟು ಒತ್ತಿದರು. ತಮ್ಮ ಬಾಯಿಂದ ತಪ್ಪು ಮಾತು ಬರಲಿಲ್ಲವೆಂದು ಅದರಲ್ಲಿ ಬರೆದಿತ್ತಲ್ಲ.

ಚಳಿಗಾಲ ಕಳೆಯುವ ಮೊದಲೇ ಸಾವಕಾರನಿಗೆ ಮಂಜೂರಾತಿ ಸಿಕ್ಕಿತು. ಕಂಬಗಳಿಗೆ ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸಿದರು. ಊರು ಬಂದು ನಿಂತು ನೋಡಿತು. ಗೌಡರ ಮನೆಯ ಮುದುಕರು ಮಕ್ಕಳ ಹಾಗೆ ಅತ್ತರು. ಬಾವಿಯ ಸುತ್ತ ಗೋಡೆ ಎದ್ದು, ಬಾಗಿಲಿಗೆ ಪಹರೆಯವ ಬಂದ. ಕೇರಿಯ ಹೆಂಗಸರು ನದಿಯ ದಾರಿ ಹಿಡಿದರು. ಬೇಸಿಗೆಯಲ್ಲಿ ನದಿ ಬತ್ತಿದಾಗ ಉಸುಕು ತೋಡಿ, ವರತೆ ಬರುವ ತನಕ ಕೂತು, ಬಟ್ಟಲಿನಿಂದ ತುಂಬಿಕೊಂಡು ಬರಬೇಕಾಯಿತು. ಮಾಳಮ್ಮ ಒಂದು ದಿನ ಆ ದಾರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡಳು.

ಶಾಂತಲಿಂಗಪ್ಪನ ಮನೆಗೆ ಏನೂ ಆಗಲಿಲ್ಲ. ಅದೇ ಅವನಿಗೆ ಎದುರು ಸಾಕ್ಷಿಯಾಯಿತು. ಆ ಮಾತು ಅವನ ಮನೆಯನ್ನು ಬಿಟ್ಟು ಗುಡಿಯನ್ನೇ ತೆಗೆದುಕೊಂಡಿತು ಎಂದು ಜನ ತಿಳಿದರು. ಸುಮಿತ್ರಾಬಾಯಿ ಕೂಡ ಒಮ್ಮೆ ರೊಟ್ಟಿ ಬಡಿಯುತ್ತ, ಅವನ ಮುಖ ನೋಡದೆ, ಹಾಗೇ ಏನೋ ಅಂದಳು. ಅವನ ಸಂಗಡ ಯಾರೂ ಜಗಳಕ್ಕೆ ಬರಲಿಲ್ಲ. ಉಪ್ಪು, ಎಣ್ಣೆ ಅವನಲ್ಲೇ ಒಯ್ಯುತ್ತಿದ್ದರು. ಸಂಜೆ ಅಂಗಡಿಯ ಮುಂದೆ ಕೂತು ಮಾತಾಡುವುದು ಮಾತ್ರ ನಿಂತಿತು.

ಜಗದೇವಪ್ಪ ಸಾಯುವ ಮೊದಲು ಒಂದು ದಿನ ಕೋಲೂರಿಕೊಂಡು ಬಂದು ಅವನ ಹತ್ತಿರ ಕುಳಿತಿದ್ದ. "ನಿಂದು ತಪ್ಪು ಅಂತ ಯಾರೂ ಅನ್ನಾಕತ್ತಿಲ್ಲ ತಮ್ಮಾ. ಆದ್ರ ಅಷ್ಟು ಕಾಲ ಯಾರೂ ಅಂದಿದ್ದಿಲ್ಲ, ಇತ್ತು. ನೀ ಅಂದಿ, ಹೋತು."

ಶಾಂತಲಿಂಗಪ್ಪ ವಕೀಲ ಹೇಳಿದ್ದನ್ನು ಮತ್ತೆ ಹೇಳಲು ಹೋದ. ಎಲ್ಲರೂ ಅಂದಿದ್ದರೆ ಉಳಿಯುತ್ತಿತ್ತು ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಮುದುಕನ ಮಾತಿನಲ್ಲಿ ಕಣ್ಣಾರೆ ಕಂಡದ್ದು ಇತ್ತು. ತನ್ನ ಮಾತಿನಲ್ಲಿ ಆಗದೇ ಹೋದದ್ದು ಮಾತ್ರ ಇತ್ತು. ಯಾವುದು ಸರಿ ಎಂದು ಆಮೇಲೆ ಅವನಿಗೂ ಗಟ್ಟಿ ಹೇಳಲಾಗಲಿಲ್ಲ.

ಗಿರಣಿಯ ಭೋಂಗಾ ಮೊದಲ ಸಲ ಕೂಗಿದ ದಿನ ಮಧ್ಯಾಹ್ನ ಪೀರಪ್ಪ ಮಾಳಮ್ಮನ ಕಷಾಯಕ್ಕೆ ಬೆಲ್ಲ ಒಯ್ಯಲು ಬಂದ. ಅಂಗಡಿಯ ಕಟ್ಟೆಯ ಕೆಳಗೆ, ಎಂದಿನ ಜಾಗದಲ್ಲಿ ನಿಂತ. ಬೇರೆ ಗಿರಾಕಿ ಇರಲಿಲ್ಲ. ಶಾಂತಲಿಂಗಪ್ಪ ಬೆಲ್ಲ ತೂಗಿದ, ಇನ್ನೊಮ್ಮೆ ತೂಗಿದ.

"ಅಪ್ಪಾರ, ಒಂದು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದ ಪೀರಪ್ಪ. "ಅವತ್ತು ನೀವು ನಮ್ಮದು ಅಂದ್ರಲ್ಲ. ಅದ್ರಾಗ ನಾವೂ ಇದ್ದಿವೇನ್ರಿ?"

"ಇದ್ರಿ" ಎಂದ ಶಾಂತಲಿಂಗಪ್ಪ, ತಡಮಾಡದೆ.

ಬೆಲ್ಲದ ಪೊಟ್ಟಣವನ್ನು ಎಂದಿನಂತೆ ಕಟ್ಟೆಯ ಅಂಚಿಗೆ ಇಟ್ಟು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಕೈ ಪೂರ್ತಿ ಹಿಂದೆ ಸರಿಯುವ ತನಕ ಕಾದು ಪೀರಪ್ಪ ಪೊಟ್ಟಣ ಎತ್ತಿಕೊಂಡ.